ಮಳೆಯಲ್ಲಿ ಜೋರು ಎಂಜಿನ್ನಿನ ಕಾರು: ಮೊದಲು ಟೈರು, ಆಮೇಲೆ ಕಾಲು, ಕೊನೆಗೆ ಬಟನ್ನು

ಜೂನ್ ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಹೊಸ ಕಾರು ತಗೊಂಡೆ. ಇನ್ನೂರು ಎಚ್‌ಪಿ, ಫೋರ್ ವೀಲ್ ಡ್ರೈವ್, ಎಲ್ಲ ಇದೆ. ಆದರೂ ಚಾರ್ಮಾಡಿಯ ತಿರುವಿನಲ್ಲಿ ಹಿಂಭಾಗ ಜಾರಿತು. ಕಾರಿನ ತಪ್ಪಾ, ನನ್ನ ತಪ್ಪಾ?"

ನಾನು ಕಂಡಂತೆ ಹೆಚ್ಚಿನ ಸಲ ತಪ್ಪಿರುವುದು ಕ್ರಮದಲ್ಲಿ. ಜನ ಮೊದಲು ಎಲೆಕ್ಟ್ರಾನಿಕ್ಸ್ ನಂಬುತ್ತಾರೆ. ಆಮೇಲೆ ತಮ್ಮ ಕೈಚಳಕ ನಂಬುತ್ತಾರೆ. ಟೈರಿನ ಕಡೆ ನೋಡುವುದು ಪಂಕ್ಚರ್ ಆದ ದಿನ ಮಾತ್ರ. ಇದನ್ನು ತಿರುಗಿಸಿ ಹಾಕಬೇಕು.

ಒಂದು ಸಣ್ಣ ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವಾಗ ಬ್ರೇಕ್ ಪೂರ್ತಿ ಒತ್ತಿದಿರಿ. ಒಣ ಡಾಂಬರಿನಲ್ಲಿ ಒಳ್ಳೆಯ ಟೈರಿದ್ದರೆ ಸುಮಾರು 31 ಮೀಟರಿಗೆ ಕಾರು ನಿಲ್ಲುತ್ತದೆ. ಒದ್ದೆ ರಸ್ತೆಯಲ್ಲಿ ಹಿಡಿತ ಅರ್ಧಕ್ಕೆ ಇಳಿದರೆ ಅದೇ ದೂರ 63 ಮೀಟರ್. ನಿಮ್ಮ ಕಾಲು ಬ್ರೇಕಿನ ಮೇಲೆ ಹೋಗುವ ಒಂದು ಸೆಕೆಂಡಿನಲ್ಲಿ ಕಾರು ಇನ್ನೂ 22 ಮೀಟರ್ ಓಡಿರುತ್ತದೆ. ಈ ಲೆಕ್ಕದಲ್ಲಿ ಎಚ್‌ಪಿ ಎಲ್ಲೂ ಬರುವುದಿಲ್ಲ. ಕಾರು ರಸ್ತೆಗೆ ತಾಗುವುದು ಅಂಗೈ ಅಗಲದ ನಾಲ್ಕು ಜಾಗದಲ್ಲಿ ಮಾತ್ರ. ದೊಡ್ಡ ಎಂಜಿನ್ ಆ ಹಿಡಿತವನ್ನು ಬೇಗ ಖರ್ಚು ಮಾಡುತ್ತದೆ, ಅಷ್ಟೇ.

## ಬೇಕಾಗುವ ಸಾಮಾನು

ಜಾಸ್ತಿ ಏನಿಲ್ಲ. ಗಾಳಿ ಅಳೆಯುವ ಸಣ್ಣ ಮೀಟರ್, ಟೈರಿನ ಟ್ರೆಡ್ (ರಬ್ಬರಿನ ಮೇಲಿನ ಸೀಳುಗಳು) ಎಷ್ಟು ಆಳ ಇದೆ ಎಂದು ನೋಡುವ ಗೇಜ್, ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಪಂಪು, ಟಾರ್ಚು, ಎರಡು ಹಳೇ ಬಟ್ಟೆ. ತೆಳು ಅಟ್ಟೆಯ ಶೂ ಕೂಡ ಬೇಕು. ಒದ್ದೆ ಹವಾಯಿ ಚಪ್ಪಲಿ ಪೆಡಲ್ ಮೇಲಿಂದ ಜಾರುತ್ತದೆ. ದಪ್ಪ ಅಟ್ಟೆಯ ಶೂನಲ್ಲಿ ಎಷ್ಟು ಒತ್ತಿದೆವು ಅನ್ನುವುದೇ ಕಾಲಿಗೆ ತಿಳಿಯುವುದಿಲ್ಲ.

## ಹಂತ 1: ಟೈರು

ಅರ್ಧ ಗಂಟೆ ಇಲ್ಲೇ ಕಳೆಯಿರಿ. ಉಳಿದ ಎಲ್ಲ ಹಂತಗಳೂ ಇದರ ಮೇಲೆ ನಿಂತಿವೆ.

ಟ್ರೆಡ್ ಆಳ. ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಟೈರಿನ ಸೀಳುಗಳೊಳಗೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ ಮಿತಿ ಮುಟ್ಟಿತು ಎಂದರ್ಥ. ಮಳೆಗೆ ಇದು ಸಾಲದು. ಸೀಳುಗಳ ಕೆಲಸವೇ ನೀರನ್ನು ಪಕ್ಕಕ್ಕೆ ತಳ್ಳುವುದು. ಆಳ ಕಡಿಮೆಯಾದಷ್ಟೂ ನೀರು ಟೈರಿನ ಕೆಳಗೇ ಉಳಿಯುತ್ತದೆ. ನಾನು 3 ಮಿ.ಮೀ.ಗೆ ಬಂದ ಟೈರಿನಲ್ಲಿ ಮಳೆಗಾಲ ಶುರುಮಾಡುವುದಿಲ್ಲ. ಒಂದೇ ಕಡೆ ಅಳೆದು ಬಿಡಬೇಡಿ. ಒಳ ಅಂಚು, ಮಧ್ಯ, ಹೊರ ಅಂಚು, ಮೂರೂ ನೋಡಿ. ಅಲೈನ್‌ಮೆಂಟ್ ಕೆಟ್ಟಿದ್ದರೆ ಒಳ ಅಂಚು ಬೋಳಾಗಿರುತ್ತದೆ, ಹೊರಗಿನಿಂದ ನೋಡಿದರೆ ಟೈರು ಹೊಸದರಂತೆ ಕಾಣುತ್ತದೆ.

ವಯಸ್ಸು. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2321 ಎಂದಿದ್ದರೆ 2021ನೇ ಇಸವಿಯ 23ನೇ ವಾರ ತಯಾರಾದದ್ದು. ನನಗೆ ಈ ಅಂಕಿಯ ಬೆಲೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ರಿಯರ್ ವೀಲ್ ಡ್ರೈವ್ ಸೆಡಾನ್ ತಗೊಂಡಿದ್ದೆ. ಕಡಿಮೆ ಓಡಿದ ಕಾರು, ಟ್ರೆಡ್ 5 ಮಿ.ಮೀ. ಇತ್ತು, ಖುಷಿಯಾಗಿದ್ದೆ. ಕೊಟ್ಟಿಗೆಹಾರ ದಾಟಿ ಎರಡನೇ ತಿರುವಿನಲ್ಲಿ, 40ರ ವೇಗದಲ್ಲಿ, ಕಾರು ಅರ್ಧ ಸುತ್ತು ತಿರುಗಿ ಚರಂಡಿಗೆ ಒಂದು ಚಕ್ರ ಇಳಿಸಿ ನಿಂತಿತು. ಎದುರಿಗೆ ಬಸ್ಸು ಬರಲಿಲ್ಲ, ಪುಣ್ಯ. ಆಮೇಲೆ ನೋಡಿದರೆ ಟೈರಿಗೆ ಏಳು ವರ್ಷ. ರಬ್ಬರು ಒಣಗಿ ಬಳೆಯ ಹಾಗೆ ಗಟ್ಟಿಯಾಗಿತ್ತು. ಆರು ವರ್ಷ ದಾಟಿದ ಟೈರನ್ನು ಈಗ ಟ್ರೆಡ್ ಎಷ್ಟೇ ಇರಲಿ, ಮಳೆಗೆ ನಂಬುವುದಿಲ್ಲ.

ಗಾಳಿ. "ಮಳೆಗೆ ಸ್ವಲ್ಪ ಗಾಳಿ ಇಳಿಸಿದರೆ ಗ್ರಿಪ್ ಜಾಸ್ತಿ" ಎಂದು ಹೇಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಕೆಸರು ಗದ್ದೆಯ ಬುದ್ಧಿ ಅದು, ಡಾಂಬರಿಗೆ ತರಬೇಡಿ. ನಿಂತ ನೀರಿನ ಮೇಲೆ ಟೈರು ಯಾವ ವೇಗದಲ್ಲಿ ತೇಲಲು ಶುರುಮಾಡುತ್ತದೆ ಎನ್ನುವುದಕ್ಕೆ 1960ರ ದಶಕದಲ್ಲಿ ನಾಸಾ ಒಂದು ಸೂತ್ರ ಕೊಟ್ಟಿತು. ಅದು ವಿಮಾನದ ಟೈರಿನ ಪ್ರಯೋಗದಿಂದ ಬಂದದ್ದು, ಆದ್ದರಿಂದ ಕಾರಿಗೆ ಅಂಕಿ ಹೆಚ್ಚುಕಡಿಮೆ ಆಗುತ್ತದೆ. ಆದರೆ ದಿಕ್ಕು ತಿಳಿಯುತ್ತದೆ: 32 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 94 ಕಿ.ಮೀ., 24ಕ್ಕೆ ಇಳಿಸಿದರೆ ಸುಮಾರು 82. ಗಾಳಿ ಕಮ್ಮಿಯಾದಷ್ಟೂ ಬೇಗ ತೇಲುತ್ತದೆ. ಡ್ರೈವರ್ ಬಾಗಿಲ ಕಂಬದ ಮೇಲೆ ಅಂಟಿಸಿದ ಚೀಟಿಯಲ್ಲಿರುವ ಅಂಕಿಯನ್ನೇ ಹಾಕಿ. ಬೆಳಿಗ್ಗೆ ಕಾರು ಓಡುವ ಮುಂಚೆ, ಟೈರು ತಣ್ಣಗಿರುವಾಗ ಅಳೆಯಿರಿ. ಮನೆಮಂದಿ ಮತ್ತು ಲಗೇಜು ತುಂಬಿದ್ದರೆ ಬೇರೆ ಅಂಕಿ ಇರುತ್ತದೆ, ಅದೂ ಚೀಟಿಯಲ್ಲೇ ಇದೆ.

ಹೊಸ ಟೈರು ಎಲ್ಲಿಗೆ? ಎರಡೇ ಟೈರು ಬದಲಿಸುವುದಾದರೆ ಹೊಸದು ಹಿಂದಕ್ಕೆ. ಫ್ರಂಟ್ ವೀಲ್ ಡ್ರೈವ್ ಆದರೂ ಹಿಂದಕ್ಕೇ. ಅಂಗಡಿಯವರು ಮುಂದಕ್ಕೆ ಹಾಕಲು ಹೊರಡುತ್ತಾರೆ, ತಡೆಯಿರಿ. ಮುಂದಿನ ಚಕ್ರ ಜಾರಿದರೆ ಕಾರು ನೇರ ಹೋಗುತ್ತದೆ, ವೇಗ ಇಳಿಸಿದರೆ ಮತ್ತೆ ಹಿಡಿಯುತ್ತದೆ. ಹಿಂದಿನದು ಜಾರಿದರೆ ಕಾರು ಗಿರಗಿರ ತಿರುಗುತ್ತದೆ. ಸಾಮಾನ್ಯ ಡ್ರೈವರ್‌ಗೆ ಎರಡನೆಯದನ್ನು ಸರಿಮಾಡಲು ಆಗುವುದಿಲ್ಲ.

ಅಂದಕ್ಕೆ ಅಗಲ ಟೈರು ಹಾಕಿಸಿದವರಿಗೆ ಒಂದು ಮಾತು. ಅಗಲ ಜಾಸ್ತಿ ಆದಷ್ಟೂ ಪಕ್ಕಕ್ಕೆ ತಳ್ಳಬೇಕಾದ ನೀರೂ ಜಾಸ್ತಿ. ಒಣ ರಸ್ತೆಯಲ್ಲಿ ಗೆದ್ದದ್ದನ್ನು ನಿಂತ ನೀರಿನಲ್ಲಿ ಕಳೆದುಕೊಳ್ಳುತ್ತೀರಿ.

## ಹಂತ 2: ಬಟನ್‌ಗಳನ್ನು ಮನೆಯಲ್ಲೇ ಅರ್ಥಮಾಡಿಕೊಳ್ಳಿ

ಕೈಪಿಡಿ ತೆಗೆದು, ನಿಂತ ಕಾರಿನಲ್ಲಿ ಕೂತು ಓದಿ. ಘಾಟಿಯಲ್ಲಿ ಹುಡುಕುವ ಕೆಲಸ ಅಲ್ಲ ಇದು.

ಎಬಿಎಸ್ ಏನು ಮಾಡುತ್ತದೆ? ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಅದರಿಂದ ಸ್ಟೀರಿಂಗ್ ತಿರುಗಿಸಿದ ಕಡೆ ಕಾರು ತಿರುಗುತ್ತದೆ. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಟ್ರ್ಯಾಕ್ಷನ್ ಕಂಟ್ರೋಲ್ ಆಕ್ಸಿಲರೇಟರ್ ಒತ್ತಿದಾಗ ಚಕ್ರ ಸುಮ್ನೆ ಸುತ್ತದಂತೆ ತಡೆಯುತ್ತದೆ. ಇಎಸ್‌ಸಿ ಕಾರು ಅಡ್ಡ ತಿರುಗುವುದನ್ನು ಗಮನಿಸಿ, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ನೇರ ಮಾಡುತ್ತದೆ. ಮೂರರಲ್ಲಿ ಇದೇ ದೊಡ್ಡದು. ಕಾರು ಕೊಳ್ಳುವಾಗ ಸನ್‌ರೂಫಿಗಿಂತ ಮೊದಲು ಇದನ್ನು ಕೇಳಿ. ಆದರೆ ಮೂರೂ ಇರುವ ಹಿಡಿತವನ್ನು ಹಂಚುತ್ತವೆ, ಹೊಸದಾಗಿ ಹುಟ್ಟಿಸುವುದಿಲ್ಲ.

ಫೋರ್ ವೀಲ್ ಡ್ರೈವ್ ಬಗ್ಗೆ ಇರುವ ಭ್ರಮೆ ಎಲ್ಲಕ್ಕಿಂತ ದೊಡ್ಡದು. ಅದು ಕಾರು ಮುಂದಕ್ಕೆ ಹೊರಡಲು ನೆರವಾಗುತ್ತದೆ. ನಿಲ್ಲಿಸಲು? ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೂ ಬ್ರೇಕ್ ಇದ್ದೇ ಇದೆ. ಚಕ್ರ ಜಾರದೆ ಕಾರು ಬೇಗ ವೇಗ ಹಿಡಿಯುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎನ್ನುವ ಸುಳಿವೇ ಡ್ರೈವರ್‌ಗೆ ಸಿಗುವುದಿಲ್ಲ. ಮೊದಲ ಸುಳಿವು ಬ್ರೇಕ್ ಒತ್ತಿದಾಗ ಸಿಗುತ್ತದೆ, ಆಗ ತಡವಾಗಿರುತ್ತದೆ.

ಹೊರಡುವ ಮುಂಚೆ ಹೀಗೆ ಇಡಿ:

1. ಇಎಸ್‌ಸಿ ಆನ್. ಆಫ್ ಬಟನ್ ಕಡೆ ಕೈ ಹೋಗಬಾರದು.
2. ಸ್ಪೋರ್ಟ್ ಮೋಡ್ ಬೇಡ. ಕಂಫರ್ಟ್ ಅಥವಾ ಇಕೊ ಇರಲಿ. ಕಿಯಾ ಸೆಲ್ಟೋಸ್‌ನಂಥ ಕೆಲವು ಕಾರುಗಳಲ್ಲಿ "ಸ್ನೋ" ಮೋಡ್ ಇದೆ. ನಮ್ಮೂರಲ್ಲಿ ಹಿಮ ಎಲ್ಲಿ ಎಂದು ನಗಬೇಡಿ. ಅದು ಆಕ್ಸಿಲರೇಟರನ್ನು ಮೆತ್ತಗೆ ಮಾಡುತ್ತದೆ, ಜಡಿಮಳೆಗೆ ಒಳ್ಳೆಯದು.
3. ಕ್ರೂಸ್ ಕಂಟ್ರೋಲ್ (ಕಾಲಿಡದೆಯೇ ಒಂದೇ ವೇಗ ಕಾಯುವ ವ್ಯವಸ್ಥೆ) ಆಫ್. ನೀರು ಅಡ್ಡ ಬಂದಾಗ ವೇಗ ಇಳಿಸಬೇಕೆಂದು ಅದಕ್ಕೆ ಹೊಳೆಯುವುದಿಲ್ಲ.
4. ಎಲೆಕ್ಟ್ರಿಕ್ ಕಾರಾದರೆ ರೀಜನ್ (ಕಾಲೆತ್ತಿದಾಗ ಮೋಟಾರೇ ಬ್ರೇಕಿನಂತೆ ಹಿಡಿದು ಬ್ಯಾಟರಿ ತುಂಬುವ ವ್ಯವಸ್ಥೆ) ಕಡಿಮೆ ಮಟ್ಟಕ್ಕೆ.

ನಾಲ್ಕನೆಯದನ್ನು ಬಿಡಿಸಿ ಹೇಳಬೇಕು. ಮಹೀಂದ್ರಾ ಬಿಇ 6ನಂಥ ಕಾರಿನಲ್ಲಿ 380 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಹಿಂದಿನ ಎರಡು ಚಕ್ರಕ್ಕೆ ಹೋಗುತ್ತದೆ, ಅದೂ ಕಾಲಿಟ್ಟ ಕ್ಷಣದಲ್ಲೇ. ಕಾಲೆತ್ತಿದಾಗ ರೀಜನ್ ಹಿಡಿಯುವುದೂ ಅದೇ ಎರಡು ಚಕ್ರವನ್ನು. ರೀಜನ್ ಜೋರಾಗಿಟ್ಟು ಒದ್ದೆ ತಿರುವಿನ ನಡುವೆ ಗಾಬರಿಯಿಂದ ಕಾಲೆತ್ತಿದರೆ ಹಿಂದಿನ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿದ ಹಾಗೆ. ಎಲೆಕ್ಟ್ರಾನಿಕ್ಸ್ ಬಹಳ ಸಲ ಸಂಭಾಳಿಸುತ್ತದೆ. ಅದಕ್ಕೆ ಕೆಲಸ ಕೊಡದೆ ಇರುವುದೇ ಜಾಣತನ.

## ಹಂತ 3: ಖಾಲಿ ಜಾಗದಲ್ಲಿ ಎರಡು ಅಭ್ಯಾಸ

ಸಾರ್ವಜನಿಕ ರಸ್ತೆ ಬೇಡ. ಅನುಮತಿ ಪಡೆದ ಖಾಸಗಿ ಜಾಗ, ವಿಶಾಲವಾಗಿ ಸಮತಟ್ಟಾಗಿರಬೇಕು. ಸುತ್ತ ಕಂಬ, ಕಲ್ಲು, ಮಕ್ಕಳು ಯಾರೂ ಇರಬಾರದು.

ಮೊದಲನೆಯದು ಎಬಿಎಸ್. ಒದ್ದೆ ನೆಲದಲ್ಲಿ 30-40ರ ವೇಗದಲ್ಲಿ ನೇರ ಹೋಗಿ, ಬ್ರೇಕ್ ಪೂರ್ತಿ ಒತ್ತಿ ಹಿಡಿಯಿರಿ. ಪೆಡಲ್ ಗಡಗಡ ನಡುಗುತ್ತದೆ, ಕೆಳಗಿನಿಂದ ಕರಕರ ಸದ್ದು ಬರುತ್ತದೆ. ಹೊಸಬರು ಇಲ್ಲೇ ಸೋಲುವುದು: ಏನೋ ಮುರಿಯಿತು ಎಂದು ಕಾಲು ತೆಗೆಯುತ್ತಾರೆ. ತೆಗೆಯಬಾರದು. ಹಳೇ ಅಂಬಾಸಿಡರ್ ಓಡಿಸಿದ ಹಿರಿಯರು ಕಲಿಸಿದ "ಒತ್ತಿ ಬಿಡು, ಒತ್ತಿ ಬಿಡು" ಎಬಿಎಸ್ ಇರುವ ಕಾರಿಗೆ ತಪ್ಪು ಪಾಠ. ನಾಲ್ಕೈದು ಸಲ ಮಾಡಿದರೆ ಕಾಲಿಗೆ ಧೈರ್ಯ ಬರುತ್ತದೆ.

ಎರಡನೆಯದು, ಪೂರ್ತಿ ಬ್ರೇಕ್ ಒತ್ತಿಕೊಂಡೇ ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ, ಮತ್ತೆ ನೇರಕ್ಕೆ ತರುವುದು. ಅಡ್ಡ ಬಂದ ಹಸುವನ್ನು ತಪ್ಪಿಸಲು ಇದೇ ಬೇಕಾಗುವುದು.

ಇದಕ್ಕಿಂತ ಮುಂದೆ ಕಲಿಯುವ ಆಸೆಯಿದ್ದರೆ ರೇಸ್ ಟ್ರ್ಯಾಕಿಗೆ ಹೋಗಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಮತ್ತು ಚೆನ್ನೈ ಹತ್ತಿರದ ಇರುಂಗಾಟುಕೋಟೆಯ ಟ್ರ್ಯಾಕ್ ಬೆಂಗಳೂರಿನಿಂದ ಒಂದು ದಿನದ ದಾರಿ. ಕಾರು ಅಡ್ಡ ಹೋಗುವುದು ಹೇಗಿರುತ್ತದೆ ಎಂದು ತಿಳಿಯಲು ಕಲಿಸುವವರು ಪಕ್ಕದಲ್ಲಿರುವ ಟ್ರ್ಯಾಕೇ ಸರಿ, ಶಿರಾಡಿ ಅಲ್ಲ.

## ಹಂತ 4: ಹೊರಟ ಮೊದಲ ಹತ್ತು ನಿಮಿಷ

ಹದಿನೈದು ದಿನ ಬಿಸಿಲಿದ್ದು ಆಮೇಲೆ ಬೀಳುವ ಮೊದಲ ಹನಿಗಳೇ ಹೆಚ್ಚು ಅಪಾಯ. ರಸ್ತೆ ಮೇಲಿನ ಎಣ್ಣೆ, ಧೂಳು, ಟೈರಿನ ಪುಡಿ ನೀರಿನ ಜೊತೆ ಕಲಸಿ ಲೋಳೆಯಂತಾಗುತ್ತದೆ. ಜೋರು ಮಳೆ ಸ್ವಲ್ಪ ಹೊತ್ತು ಸುರಿದರೆ ತೊಳೆದುಹೋಗುತ್ತದೆ. ಟೋಲ್ ಗೇಟು, ಸಿಗ್ನಲ್ಲು, ಬಸ್ ಸ್ಟಾಪಿನ ಮುಂದೆ ಲಾರಿ ಬಸ್ಸುಗಳ ಎಣ್ಣೆ ಜಾಸ್ತಿ ಇರುತ್ತದೆ.

ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ನೋಡಿ, ನೇರ ರಸ್ತೆಯಲ್ಲಿ, ನಿಧಾನ ವೇಗದಲ್ಲಿ ಒಂದೆರಡು ಸಲ ಬ್ರೇಕ್ ಒತ್ತಿ ನೋಡಿ. ಇವತ್ತಿನ ರಸ್ತೆ ಎಷ್ಟು ಹಿಡಿಯುತ್ತದೆ ಎಂದು ಕಾಲಿಗೆ ತಿಳಿಯುತ್ತದೆ, ಡಿಸ್ಕ್ ಮೇಲಿನ ನೀರೂ ಒರೆಸಿಹೋಗುತ್ತದೆ.

## ಹಂತ 5: ಒಂದು ಸಲಕ್ಕೆ ಒಂದೇ ಕೆಲಸ

ಚಾಲಕನ ನಿಜವಾದ ಕೌಶಲ ಇಲ್ಲಿದೆ. ಜಾರಿದ ಕಾರನ್ನು ಹಿಡಿದು ನಿಲ್ಲಿಸುವ ವಿಡಿಯೋ ನೋಡಿ ಅದೇ ಕೌಶಲ ಅಂದುಕೊಳ್ಳುತ್ತಾರೆ. ಒಳ್ಳೆಯ ಡ್ರೈವರ್ ಪಕ್ಕ ಕೂತರೆ ನಿಮಗೆ ನಿದ್ದೆ ಬರುತ್ತದೆ.

ಟೈರಿಗೆ ಬ್ರೇಕ್, ತಿರುವು, ಎಳೆತ ಮೂರನ್ನೂ ಒಟ್ಟಿಗೆ ಕೊಡಬೇಡಿ. ಕ್ರಮ ಹೀಗೆ:

1. ನೇರವಿರುವಾಗಲೇ ಬ್ರೇಕ್. ತಿರುವು ಶುರುವಾಗುವ ಮುಂಚೆ ಬೇಕಾದ ವೇಗಕ್ಕೆ ಇಳಿದಿರಬೇಕು. ಆಟೊಮ್ಯಾಟಿಕ್ ಆದರೆ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಅಥವಾ ಮ್ಯಾನ್ಯುಯಲ್ ಮೋಡಿನಲ್ಲಿ ಗೇರನ್ನೂ ಇಲ್ಲೇ ಇಳಿಸಿ.
2. ಬ್ರೇಕ್ ಮೆಲ್ಲಗೆ ಬಿಟ್ಟು ಸ್ಟೀರಿಂಗ್. ಒಂದೇ ಹದದಲ್ಲಿ ತಿರುಗಿಸಿ, ಜಗ್ಗಬೇಡಿ. ಕಣ್ಣು ತಿರುವಿನ ಕೊನೆಯ ಮೇಲಿರಲಿ.
3. ಸ್ಟೀರಿಂಗ್ ನೇರ ಆಗುತ್ತಾ ಬಂದಂತೆ ಆಕ್ಸಿಲರೇಟರ್. ಕೈ ಎಷ್ಟು ನೇರವಾಯಿತೋ ಕಾಲು ಅಷ್ಟು ಒತ್ತಬಹುದು.

ಜೋರು ಕಾರಿನಲ್ಲಿ ಮೂರನೆಯದೇ ಕೈಕೊಡುವುದು. ಟರ್ಬೊ ಎಂಜಿನ್ನಿನಲ್ಲಿ ಕಾಲು ಒತ್ತಿದ ಒಂದು ಕ್ಷಣ ಏನೂ ಆಗುವುದಿಲ್ಲ. ಇನ್ನಷ್ಟು ಒತ್ತುತ್ತೀರಿ. ಆಗ ಎಲ್ಲ ಒಟ್ಟಿಗೆ ಬರುತ್ತದೆ, ಗೇರ್‌ಬಾಕ್ಸ್ ಕೂಡ ಎರಡು ಗೇರು ಕೆಳಗಿಳಿಸುತ್ತದೆ. ಕಾರು ಇನ್ನೂ ತಿರುವಿನಲ್ಲೇ ಇರುತ್ತದೆ. ಅದಕ್ಕೇ ಗೇರನ್ನು ಮೊದಲೇ ಹಿಡಿದಿಡಿ ಎಂದದ್ದು. ಬೆರಳಿಗೆ ನೂಲು ಕಟ್ಟಿ ಎಳೆದಷ್ಟು ಮೆತ್ತಗೆ ಒತ್ತಿ.

ಎಚ್ಚರಿಕೆ: ಡ್ಯಾಶ್‌ಬೋರ್ಡಿನಲ್ಲಿ ಜಾರುವ ಕಾರಿನ ಚಿತ್ರದ ಹಳದಿ ದೀಪ ಮಿಣುಕಿದರೆ ಇಎಸ್‌ಸಿ ಈಗಷ್ಟೇ ನಿಮ್ಮನ್ನು ಕಾಪಾಡಿತು ಎಂದರ್ಥ. ಒಂದು ಪ್ರಯಾಣದಲ್ಲಿ ಎರಡು ಸಲ ಮಿಣುಕಿದರೆ ವೇಗ 10 ಕಿ.ಮೀ. ಇಳಿಸಿ. ಮಿಣುಕದೆ ಉರಿದೇ ಇದ್ದರೆ ವ್ಯವಸ್ಥೆ ಆಫ್ ಆಗಿದೆ ಅಥವಾ ಕೆಟ್ಟಿದೆ.

## ಹಂತ 6: ಘಾಟಿ

ಹೇರ್‌ಪಿನ್ ತಿರುವಿನ ಲೆಕ್ಕ ಮೊದಲು ಹೇಳುತ್ತೇನೆ. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಒಣ ರಸ್ತೆಯ ಮಿತಿ ಗಂಟೆಗೆ ಸುಮಾರು 39 ಕಿ.ಮೀ. ಹಿಡಿತ ಅರ್ಧವಾದರೆ ಸುಮಾರು 28. ಇದು ಜಾರುವ ಅಂಚು, ಹೋಗಬೇಕಾದ ವೇಗ ಅಲ್ಲ. ಆಗುಂಬೆಯ ತಿರುವುಗಳಲ್ಲಿ ಮಳೆಗೆ 15-20 ಸಾಕು. ಅಲ್ಲಿ ನೂರೈವತ್ತು ಎಚ್‌ಪಿಯೂ ಒಂದೇ, ಐನೂರೂ ಒಂದೇ.

ಹತ್ತುವ ಗೇರಿನಲ್ಲೇ ಇಳಿಯಬೇಕು ಎನ್ನುವ ಲಾರಿ ಡ್ರೈವರ್‌ಗಳ ಮಾತು ಆಟೊಮ್ಯಾಟಿಕ್‌ಗೂ ಸರಿ. ಗೇರನ್ನು "ಡಿ"ಯಲ್ಲೇ ಬಿಟ್ಟು ಬ್ರೇಕಿನ ಮೇಲೇ ಇಳಿದರೆ ಬ್ರೇಕ್ ಕಾದು, ಸುಟ್ಟ ವಾಸನೆ ಬಂದು, ಪೆಡಲ್ ಮೆತ್ತಗಾಗುತ್ತದೆ. ಹಾಗಾದರೆ ಪಕ್ಕಕ್ಕೆ ನಿಲ್ಲಿಸಿ ಆರಲು ಬಿಡಿ. ಎಲೆಕ್ಟ್ರಿಕ್ ಕಾರಿನವರು ಮಡಿಕೇರಿಯಲ್ಲಿ 100% ಚಾರ್ಜ್ ಮಾಡಿ ಸಂಪಾಜೆ ಇಳಿಯಬೇಡಿ. ಬ್ಯಾಟರಿ ತುಂಬಿದ್ದರೆ ರೀಜನ್ ಸರಿಯಾಗಿ ಹಿಡಿಯುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ರಸ್ತೆಯಲ್ಲಿ ಇವುಗಳ ಮೇಲೆ ಕಣ್ಣಿಡಿ: ಗುಡ್ಡದಿಂದ ತೊಳೆದು ಬಂದ ಕೆಮ್ಮಣ್ಣು, ಮರದ ಕೆಳಗೆ ಕೊಳೆತ ಎಲೆ, ತೋಟದ ಗೇಟಿನ ಮುಂದೆ ಟ್ರ್ಯಾಕ್ಟರ್ ಬಿಟ್ಟುಹೋದ ಕೆಸರು, ಬಿಳಿ ಬಣ್ಣದ ಪಟ್ಟೆ, ಸೇತುವೆಯ ಕಬ್ಬಿಣದ ಜೋಡಣೆ. ಇವುಗಳ ಮೇಲೆ ಬ್ರೇಕ್, ತಿರುವು ಎರಡೂ ಬೇಡ, ನೇರ ದಾಟಿ.

ಹತ್ತುವ ವಾಹನಕ್ಕೆ ದಾರಿ ಬಿಡಿ. ಮಂಜಿನಲ್ಲಿ ಡಿಮ್ ಹಾಕಿ, ಹೈ ಬೀಮ್ ಹಾಕಿದರೆ ಬಿಳಿ ಗೋಡೆ ಎದುರಾಗುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವ ಚಾಳಿ ದಯವಿಟ್ಟು ಬಿಡಿ. ಅದು ನಿಂತ ವಾಹನದ ಗುರುತು. ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ಹೇಗೆ ಗೊತ್ತಾಗಬೇಕು?

## ಹಂತ 7: ಹೆದ್ದಾರಿಯ ನಿಂತ ನೀರು

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೋರ್ಡು 100 ಎನ್ನುತ್ತದೆ. ಅದು ಒಣ ರಸ್ತೆಯ ಮಾತು. ಮಳೆಗೆ ನಾನು 70, ಜಡಿಮಳೆಗೆ 60. ಡಿವೈಡರ್ ಪಕ್ಕ ನೀರು ನಿಲ್ಲುತ್ತದೆ. ಒಂದು ಕಡೆಯ ಚಕ್ರ ಮಾತ್ರ ಅದಕ್ಕೆ ಬಿದ್ದರೆ ಕಾರು ಆ ಕಡೆಗೇ ಜಗ್ಗುತ್ತದೆ. ಮುಂದಿನ ವಾಹನದ ಚಕ್ರ ನೀರು ಸರಿಸಿದ ಜಾಡಿನಲ್ಲಿ ಹೋಗಿ, ಆದರೆ ನಾಲ್ಕು ಸೆಕೆಂಡ್ ದೂರ ಇರಲಿ. ಮುಂದಿನ ಕಾರು ಒಂದು ಕಂಬ ದಾಟಿದಾಗ ಎಣಿಸಲು ಶುರುಮಾಡಿ. "ಸಾವಿರದ ಒಂದು, ಸಾವಿರದ ಎರಡು" ಎನ್ನುತ್ತಾ ನಾಲ್ಕು ಮುಗಿಯುವ ಮೊದಲೇ ನೀವು ಅಲ್ಲಿಗೆ ತಲುಪಿದರೆ ಹತ್ತಿರವಾಯಿತು.

ಟೈರು ತೇಲುವ ಮುಂಚಿನ ಸುಳಿವುಗಳು: ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರ. ಕಾಲು ಅಲುಗಿಸದಿದ್ದರೂ ಎಂಜಿನ್ ಸದ್ದು ಏರುತ್ತದೆ. ಕೆಳಗೆ ನೀರಿನ ಸದ್ದು ಬದಲಾಗುತ್ತದೆ. ಆಗ ಬ್ರೇಕ್ ಬೇಡ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಎತ್ತಿ. ಒಂದೆರಡು ಸೆಕೆಂಡಿನಲ್ಲಿ ಟೈರು ಮತ್ತೆ ನೆಲ ಮುಟ್ಟುತ್ತದೆ. ತೇಲುವಾಗ ಸ್ಟೀರಿಂಗ್ ತಿರುಗಿಸಿಟ್ಟಿದ್ದರೆ, ನೆಲ ಮುಟ್ಟಿದ ಕ್ಷಣ ಕಾರು ಆ ಕಡೆಗೆ ಎಗರುತ್ತದೆ.

ಕಾಣದಿದ್ದರೆ ಕೌಶಲವೂ ಇಲ್ಲ, ಟೈರೂ ಇಲ್ಲ. 2021ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಫಾರ್ಮುಲಾ ಒನ್ ಕಾರುಗಳು ಮಳೆಯಲ್ಲಿ ಸೇಫ್ಟಿ ಕಾರಿನ ಹಿಂದೆ ಕೆಲವೇ ಸುತ್ತು ಹಾಕಿ ನಿಂತವು. ಮೊದಲ ಹತ್ತು ಮಂದಿಗೆ ಎಂದಿನ ಅರ್ಧದಷ್ಟು ಪಾಯಿಂಟು ಹಂಚಿದರು. ಮಳೆಗೆಂದೇ ಮಾಡಿದ ಟೈರು, ಜಗತ್ತಿನ ಒಳ್ಳೊಳ್ಳೆಯ ಡ್ರೈವರ್‌ಗಳು, ಅವರ ರೇಸೇ ನಿಂತಿತು. ನಿಮ್ಮ ವೈಪರ್ ರಬ್ಬರು ಹೇಗಿದೆ, ನೋಡಿದಿರಾ?

## ಹಂತ 8: ಜಾರಿಯೇ ಬಿಟ್ಟರೆ

ಮುಂಭಾಗ ಜಾರಿದರೆ: ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಎಲ್ಲರೂ ಇನ್ನಷ್ಟು ತಿರುಗಿಸುತ್ತಾರೆ. ಅದು ತಪ್ಪು. ಆಕ್ಸಿಲರೇಟರ್ ಬಿಡಿ, ಸ್ಟೀರಿಂಗ್ ಸ್ವಲ್ಪ ಸಡಿಲಿಸಿ, ಹಿಡಿತ ಬಂದ ಮೇಲೆ ಮತ್ತೆ ತಿರುಗಿಸಿ.

ಹಿಂಭಾಗ ಜಾರಿದರೆ: ಹೋಗಬೇಕಾದ ಕಡೆ ನೋಡಿ, ಸ್ಟೀರಿಂಗನ್ನೂ ಅತ್ತ ಹಿಡಿಯಿರಿ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ, ಉಳಿದದ್ದು ಇಎಸ್‌ಸಿ ನೋಡಿಕೊಳ್ಳುತ್ತದೆ. ಕಾರು ನೇರವಾದ ಕೂಡಲೇ ಸ್ಟೀರಿಂಗ್ ಕೂಡ ನೇರಕ್ಕೆ ಬರಬೇಕು. ತಡವಾದರೆ ಇನ್ನೊಂದು ಕಡೆಗೆ, ಮೊದಲಿಗಿಂತ ಜೋರಾಗಿ ಬೀಸುತ್ತದೆ. ಬಹಳ ಕಾರು ಹಳ್ಳಕ್ಕೆ ಹೋಗುವುದು ಈ ಎರಡನೇ ಬೀಸಿನಲ್ಲಿ.

ಕಾರು ಕೈಮೀರಿ ತಿರುಗಿಬಿಟ್ಟರೆ: ಬ್ರೇಕ್ ಪೂರ್ತಿ ಒತ್ತಿ ಹಿಡಿಯಿರಿ. ಡಿಕ್ಕಿಯಾದರೂ ಕಡಿಮೆ ವೇಗದಲ್ಲಿ ಆಗಲಿ.

## ಹಂತ 9: ರಸ್ತೆ ಮೇಲೆ ಹರಿಯುವ ನೀರು

ಇದಕ್ಕೆ ಒಂದೇ ಸಾಲು ಸಾಕಿತ್ತು: ಆಳ ಗೊತ್ತಿಲ್ಲದ ನೀರಿಗೆ ಇಳಿಯಬೇಡಿ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಹೆದ್ದಾರಿಗೇ ನೀರು ನುಗ್ಗಿ ವಾಹನಗಳು ಸಿಕ್ಕಿಬಿದ್ದದ್ದು ನೆನಪಿರಬಹುದು. ಒಂದಡಿ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಒಳಗೆ ಹೋದ ನೀರು ಕನೆಕ್ಟಿಂಗ್ ರಾಡನ್ನು ಬಗ್ಗಿಸುತ್ತದೆ. ತಳ್ಳಿ ಹೊರಗೆ ತಂದು ಮೆಕ್ಯಾನಿಕ್ಕನ್ನು ಕರೆಯಿರಿ.

## ಯಾವಾಗ ನಿಲ್ಲಿಸಬೇಕು

ವೈಪರ್ ಪೂರ್ತಿ ವೇಗದಲ್ಲಿದ್ದರೂ ಮುಂದಿನ ವಾಹನದ ಹಿಂದೀಪ ಕಾಣದಿದ್ದರೆ. ಒಂದೇ ಪ್ರಯಾಣದಲ್ಲಿ ಎರಡನೇ ಸಲ ಟೈರು ತೇಲಿದರೆ. ಗುಡ್ಡದಿಂದ ಸಣ್ಣ ಕಲ್ಲು, ಮಣ್ಣು ಉದುರುತ್ತಿದ್ದರೆ. ಸ್ಟೀರಿಂಗ್ ಹಿಡಿದ ಬೆರಳು ಬಿಗಿದು ಬೆಳ್ಳಗಾಗಿದ್ದರೆ.

ಆದರೆ ಧರೆ ಕೊಯ್ದ ಜಾಗದ ಕೆಳಗೆ, ದೊಡ್ಡ ಮರದ ಕೆಳಗೆ, ತಿರುವಿನ ಮೇಲೆ ನಿಲ್ಲಿಸಬೇಡಿ. ಚಾರ್ಮಾಡಿ ಇಳಿಯುವವರು ಕೊಟ್ಟಿಗೆಹಾರದಲ್ಲೇ ನಿಂತುಬಿಡಿ, ಹೋಟೆಲುಗಳಿವೆ. ಶಿರಾಡಿ ಹತ್ತುವವರಿಗೆ ಗುಂಡ್ಯ ಇದೆ. ಕಾಫಿ ಬರುವವರೆಗೆ ಹಳೇ ಬಟ್ಟೆ ಹಿಡಿದು ಹೊರಗೆ ಹೋಗಿ ಹಿಂದಿನ ದೀಪ, ಕ್ಯಾಮೆರಾ, ಕನ್ನಡಿ ಒರೆಸಿ. ಟಾರ್ಚು ಹಾಕಿ ಹಿಂದಿನ ಟೈರುಗಳ ಒಳ ಅಂಚನ್ನು ಇನ್ನೊಮ್ಮೆ ನೋಡಿ ಬನ್ನಿ.